ಉಗುಳು ಯಾಕೆ ಸಪ್ಪೆ?

“ಮರಿ ಹಿಡಿಯೇ ಗಂಗಿ! ಅಯ್ಯೋ, ಹೋತು, ಇನ್ನೊಂದೂ ಹೋತು!”

ಅಜ್ಜಿ ತಿಪ್ಪಮ್ಮನ ಕೂಗು ಊರಿಗೆಲ್ಲ ಕೇಳುತ್ತಿತ್ತು. ಬೆಳಿಗ್ಗೆ ಕುರಿಗಳು ಮೇಯಲು ಹೊರಟಾಗ ಮುಳ್ಳುಬೇಲಿಯ ರೊಪ್ಪದ ಬಾಗಿಲಲ್ಲಿ ನಿಂತು, ತಾಯಿಯ ಹಿಂದೆ ಓಡುವ ಮರಿಗಳನ್ನು ಹಿಡಿದು ಒಳಗೆ ಬಿಡುವುದು ಗಂಗಿಯ ಕೆಲಸ. ಇವತ್ತು ಅವಳಿಗೆ ಸ್ಕೂಲಿನ ಅವಸರ. ಬಾಗಿಲಿನ ಬಿದಿರು ತಡಿಕೆಯನ್ನು ಪೂರ್ತಿ ತೆರೆದುಬಿಟ್ಟಿದ್ದಳು. ಕುರಿಗಳು ದಬದಬ ನುಗ್ಗಿದವು, ಮರಿಗಳು ಕಾಲ ಸಂದಿಯಲ್ಲಿ ನುಸುಳಿದವು, ಗಂಗಿ ಹಿಕ್ಕೆಯ ಮೇಲೆ ಜಾರಿ ದೊಪ್ಪನೆ ಬಿದ್ದಳು.

“ಎಲ್ಲಾ ಈ ಮರಿಗಳದ್ದೇ ಕಿತಾಪತಿ ಕಣಜ್ಜಿ!”

ತುಟಿ ಒಡೆದಿತ್ತು. ರಕ್ತ ನೆಕ್ಕಿದಳು, ಉಪ್ಪು. ಕಣ್ಣೀರೂ ಉಪ್ಪು. ಬೆವರೂ ಉಪ್ಪು. ಉಗುಳು ನುಂಗಿದಳು. ಸಪ್ಪೆ! ಗಂಗಿ ಅಳುವುದನ್ನೇ ಮರೆತು ಕುಣಿದಳು. ಪ್ರಶ್ನೆ ಸಿಕ್ಕೇಬಿಟ್ಟಿತು!

ಮುರುಗಪ್ಪ ಮೇಷ್ಟ್ರು ಮಾತು ಕೊಟ್ಟಿದ್ದರು: ತಮಗೆ ಉತ್ತರ ಬರದ ಪ್ರಶ್ನೆ ಕೇಳಿದವರು ಸಂಜೆಯ ಲಾಂಗ್ ಬೆಲ್ ಹೊಡೆಯಬಹುದು. ಬೇವಿನ ಮರಕ್ಕೆ ತೂಗುಹಾಕಿದ ಆ ಕಬ್ಬಿಣದ ತುಂಡನ್ನು ಬಾರಿಸಲು ಗಂಗಿಗೆ ಒಂದನೇ ಕ್ಲಾಸಿನಿಂದಲೂ ಆಸೆ.

“ಸಾ, ರಕ್ತ ಉಪ್ಪುಪ್ಪು ಐತೆ, ಕಣ್ಣೀರು ಉಪ್ಪುಪ್ಪು ಐತೆ. ಉಗುಳು ಯಾಕ್ ಸಪ್ಪಗೈತೆ?”

ಕ್ಲಾಸು ಗೊಳ್ಳೆಂದಿತು. ಪಕ್ಕದ ಸಾಲಿನ ಕಾಟಯ್ಯ ಅಂಗೈಗೆ ಉಗಿದು ನೆಕ್ಕಿಯೂ ನೋಡಿದ.

ಮೇಷ್ಟ್ರು ಮೀಸೆಯಲ್ಲೇ ನಕ್ಕರು. “ನಂಗೆ ಗೊತ್ತಲ್ಲ! ಕಿವಿ ಮುಂದೆ, ನಾಲಿಗೆ ಕೆಳಗೆ ಗ್ರಂಥಿಗಳು ಅವೆ. ರಕ್ತದಿಂದ ಉಪ್ಪುನೀರು ತಗಂಡು ಜೊಲ್ಲು ಮಾಡ್ತವೆ. ಅದು ಸಣ್ಣ ಕೊಳವೆಯಾಗೆ ಬಾಯಿಗೆ ಬರ್ತೈತೆ. ದಾರಿಯಾಗೆ ಆ ಕೊಳವೆ ಉಪ್ಪನ್ನ ಹಿಡಿದು ವಾಪಸ್ ರಕ್ತಕ್ಕೆ ಕಳಿಸ್ತೈತೆ.”

ಬೆಲ್ಲು ಹೋಯಿತು! ಗಂಗಿಗೆ ಅಳುವೇ ಬಂತು. ಮರುಕ್ಷಣ ಕಿಸಕ್ಕನೆ ನಕ್ಕಳು.

“ನಾನು ಮರಿ ಹಿಡಿದಂಗೆ! ಸಾ, ಸಾ, ಹುಣಸೆಹಣ್ಣು ಕಂಡ್ರೆ ಜೊಲ್ಲು ಒಂದೇ ಸಲ ನುಗ್ತೈತಲ್ಲ, ಆವಾಗ್ಲೂ ಎಲ್ಲಾ ಉಪ್ಪು ಹಿಡಿಯಾಕಾಗ್ತೈತಾ?”

ಮೇಷ್ಟ್ರು ತಲೆ ಕೆರೆದುಕೊಂಡರು. “ಇದು ಗೊತ್ತಿಲ್ಲ ಕಣವ್ವ. ನಿಂಗೇನನ್ನಿಸ್ತೈತೆ?”

ಗಂಗಿಯ ಕಣ್ಣ ಮುಂದೆ ಬೆಳಗಿನ ರೊಪ್ಪ ಬಂತು, ಪೂರ್ತಿ ತೆರೆದ ತಡಿಕೆ ಬಂತು. “ಆಗಲ್ಲ ಸಾ. ಜೋರಾಗಿ ಬಂದ್ರೆ ಸ್ವಲ್ಪ ಉಪ್ಪು ತಪ್ಪಿಸ್ಕಂತೈತೆ,” ಎಂದಳು ಮೆಲ್ಲಗೆ.

“ಹಂಗೇ ಇರಬೇಕು! ಹೋಗು, ಇವತ್ತಿನ ಬೆಲ್ ನಿಂದೇ!”

ಸಂಜೆ ಗಂಗಿ ಬೆಲ್ ಬಾರಿಸಿದ ರಭಸಕ್ಕೆ ಬೇವಿನ ಮರದ ಕಾಗೆಗಳೆಲ್ಲ ಎದ್ದು ಹಾರಿದವು.

ಮರುದಿನ ಬೆಳಿಗ್ಗೆ ಅವಳು ತಡಿಕೆಯನ್ನು ಒಂದು ಕುರಿ ಹಿಡಿಸುವಷ್ಟೇ ಸರಿಸಿದಳು. ಕುರಿಗಳು ಒಂದೊಂದಾಗಿ ಹೊರಟವು. ಮರಿಗಳು ಒಂದೊಂದಾಗಿ ಕೈಗೆ ಸಿಕ್ಕವು. ಅಜ್ಜಿಗೆ ಕೂಗುವ ಕೆಲಸವೇ ಇರಲಿಲ್ಲ.

“ನಿನ್ನೆ ಮರಿಗಳದ್ದೇನೂ ತಪ್ಪಿರಲಿಲ್ಲ ಕಣಜ್ಜಿ,” ಎಂದಳು ಗಂಗಿ, ಕೊನೆಯ ಮರಿಯ ಕಿವಿ ಸವರುತ್ತಾ.