ಎರಡು ಕೈ ಒತ್ತಿದರೆ

ಧ್ಯಾನ ಕೇಂದ್ರದ ಆಫೀಸಿನಲ್ಲಿ ಫೋನನ್ನು ಕವರಿಗೆ ಹಾಕಿ ಕೊಟ್ಟು ತಿರುಗಿದರೆ, ಗಂಡಸರ ಸಾಲಿನಲ್ಲಿ ಯಂಕಪ್ಪ ನಿಂತಿದ್ದ. ಕಂಕುಳಲ್ಲಿ ಚಾದರ, ಮೈಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿ.

ಅನುಸೂಯಮ್ಮನಿಗೆ ಮೈ ಉರಿಯಿತು. ಮಾದನಾಯಕನಹಳ್ಳಿ ದಾಟಿ ಇಷ್ಟು ಒಳಗೆ, ಬುದ್ಧನ ಧ್ಯಾನ ಕಲಿಯಲು ಹತ್ತು ದಿನಕ್ಕೆಂದು ಬಂದರೆ, ಇಲ್ಲಿಗೂ ಬೆನ್ನು ಹತ್ತಿ ಬರುವುದೇ?

ಅವಳ ಕಣ್ಣು ನೋಡಿಯೇ ಯಂಕಪ್ಪ ಕೈ ಎತ್ತಿದ. ಮೂಗಿನ ಪಕ್ಕ ಬೆರಳಿಟ್ಟು ತಿರುವಿದ. ದೊಡ್ಡ ಮೂಗುತಿ, ಅಂದರೆ ಅವರ ಫ್ಯಾಕ್ಟರಿಯಲ್ಲಿ ಮಾಲು ಚೆಕಿಂಗ್ ಮಾಡುವ ಬಸಕ್ಕ. ಆಮೇಲೆ ಅಂಗೈ ಮೇಲೆ ಬರೆದಂತೆ ಮಾಡಿದ. ಫಾರಂ ತುಂಬಿದವಳು ಅವಳು, ನನಗೇನೂ ಗೊತ್ತಿಲ್ಲ.

ಅನುಸೂಯಮ್ಮನ ಫಾರಂ ತುಂಬಿದವಳೂ ಬಸಕ್ಕನೇ. ಬರಲಿ ಅವಳು ಕೈಗೆ, ಅಂದುಕೊಂಡಳು.

ಪೀಣ್ಯದಲ್ಲಿ ಅವರು ಕೆಲಸ ಮಾಡುವ, ತಗಡು ಒತ್ತುವ ಪ್ರೆಸ್ ಶಾಪಿನಲ್ಲಿ ಮೆಷಿನ್ ಸದ್ದಿಗೆ ಬಾಯಿ ಮಾತು ಯಾರಿಗೂ ಕೇಳಿಸದು. ಎಲ್ಲರದೂ ಕೈಮಾತು. ಪ್ರೆಸ್ಸಿಗೆ ಎರಡು ಬಟನ್. ಎರಡೂ ಕೈಯಲ್ಲಿ ಒಟ್ಟಿಗೆ ಒತ್ತಿದರೆ ಮಾತ್ರ ಅದು ಇಳಿಯುವುದು. ಹಾಗಾಗಿ ಎರಡು ಹೆಬ್ಬೆರಳು ಕೆಳಗೆ ಒತ್ತಿ ತೋರಿಸಿದರೆ, ಎಲ್ಲ ಸರಿಯಿದೆ, ಶುರು ಮಾಡು ಎಂದು ಅರ್ಥ. ನಾಲ್ಕು ವರ್ಷದಿಂದ ಪ್ರೆಸ್ಸಿನ ಯಂಕಪ್ಪ ಹೀಗೇ ಎದುರಿನ ಟೇಬಲ್ಲಿನ ಅವಳಿಗೆ ಸಾರಿಗೆ ಉಪ್ಪು ಜಾಸ್ತಿ ಎನ್ನುತ್ತಿದ್ದ, ಈ ಸೀರೆ ಒಪ್ಪುತ್ತದೆ ಎನ್ನುತ್ತಿದ್ದ. ಹೋದ ತಿಂಗಳು ತನ್ನನ್ನು ತೋರಿಸಿ, ಅವಳನ್ನು ತೋರಿಸಿ, ಕೊರಳ ಬಳಿ ಗಂಟು ಹಾಕಿ ತೋರಿಸಿದ್ದ.

ಟೀ ಹೊತ್ತಿನಲ್ಲಿ ಅವಳು ನೇರವಾಗಿ ಹೇಳಿದ್ದಳು. "ಗಂಡ ಓಗಿ ಆರು ವರ್ಷ ಆಯ್ತು. ಆಡ್ಕೊಳೋರು ಆಡ್ಕೊಂತಾನೇ ಅವ್ರೆ. ಮೆಷಿನ್ ಸದ್ದಲ್ಲಿ ಕೈ ಆಡಿಸಿದ್ದು ನಾಳೆ ಇಲ್ಲ ಅಂದ್ರೂ ಆಯ್ತದೆ. ನಾಕು ಜನಕ್ಕೆ ಕೇಳೋ ಅಂಗೆ ಬಾಯಲ್ಲಿ ಯೋಳಿ, ಆಮೇಲೆ ನೋಡಾನ."

ಯಂಕಪ್ಪ ಸುತ್ತಲಿದ್ದವರನ್ನು ನೋಡಿ, ಲೋಟ ಅಲ್ಲೇ ಇಟ್ಟು ಪ್ರೆಸ್ಸಿನ ಕಡೆ ಹೋದ. ಟೀ ಆರಿಹೋಯಿತು.

ಇಲ್ಲಿ ಧ್ಯಾನ ಕೇಂದ್ರದಲ್ಲಿ ಬಾಯಿ ಮಾತೂ ಇಲ್ಲ, ಕೈಮಾತೂ ಇಲ್ಲ. ಒಬ್ಬರ ಮುಖ ಒಬ್ಬರು ನೋಡುವಂತೆಯೂ ಇಲ್ಲ.

ಮೂರು ದಿನ ಮೂಗಿನ ತುದಿಯ ಉಸಿರನ್ನೇ ಕಾದದ್ದಾಯಿತು. ನಾಲ್ಕನೇ ದಿನ ಅಧಿಷ್ಠಾನ ಎಂದರು. ಒಂದು ಗಂಟೆ ಕಣ್ಣು ತೆರೆಯಬಾರದು, ಕೈಕಾಲು ಬಿಡಿಸಬಾರದು. ಅನುಸೂಯಮ್ಮ ಹಲ್ಲು ಕಚ್ಚಿ ಕೂತಳು. ಅರ್ಧ ಗಂಟೆಗೆ ಮಂಡಿಯೊಳಗೆ ಕೆಂಡ ಇಟ್ಟಂತಾಯಿತು. ಅಕ್ಕಪಕ್ಕ ಸೀರೆ ಸರಸರ ಎಂದವು. ರೇಷನ್ನಿಗೆ ಸೊಸೈಟಿ ಸಾಲಿನಲ್ಲಿ ನಿಂತ ಕಾಲು ಇದು, ಇಷ್ಟಕ್ಕೆ ಅಲ್ಲಾಡುವುದಿಲ್ಲ ಎಂದುಕೊಂಡಳು. ಓಡಿಹೋಗದೆ ನೋಡುತ್ತಾ ಕೂತರೆ, ಒಂದೇ ಗಟ್ಟಿ ಅನ್ನಿಸಿದ್ದ ಆ ನೋವು ಏರಿತು, ಇಳಿಯಿತು, ಚೂರುಚೂರಾಯಿತು. ಅಯ್ಯೋ, ಇಷ್ಟೇನಾ ಅನ್ನಿಸಿತು.

ಆರನೇ ದಿನ ಸಂಜೆ ಮಾತ್ರ ತಪ್ಪಿದಳು. ಗಂಟೆ ಬಾರಿಸುವ ಮೊದಲೇ ಕಣ್ಣು ತೆರೆದು ಆಚೆ ಗಂಡಸರ ಕಡೆ ನೋಡಿಬಿಟ್ಟಳು.

ಯಂಕಪ್ಪನ ಕೈ ಕಂಡಿತು. ಎಡಗೈಯ ಅರ್ಧ ಹೋದ ಕಿರುಬೆರಳು, ಗ್ರೀಸು ಬಿಡದ ಉಗುರು. ನಾಲ್ಕು ವರ್ಷ ವಟವಟ ಎನ್ನುತ್ತಿದ್ದ ಆ ಕೈಗಳು ಮಡಿಲಲ್ಲಿ ಒಂದರ ಮೇಲೊಂದು ಮಲಗಿದ್ದವು. ಹಣೆಯಿಂದ ಬೆವರು ಇಳಿದು ಮೂಗಿನ ತುದಿಯಲ್ಲಿ ನಿಂತಿತ್ತು. ಒರೆಸಲಿಲ್ಲ. ಕೈ ಅಲುಗಲಿಲ್ಲ.

ಇವನೂ ಹಟಕ್ಕೆ ಬಿದ್ದಿದ್ದಾನೆ.

ಕಣ್ಣು ಮುಚ್ಚಿಕೊಂಡಳು. ಉಸಿರು ಸರಿದಾರಿಗೆ ಬರಲು ಬಹಳ ಹೊತ್ತು ಹಿಡಿಯಿತು.

ಹನ್ನೊಂದನೇ ದಿನ ಬೆಳಿಗ್ಗೆ ಗೇಟಿನಾಚೆ ಇಪ್ಪತ್ತು ಮೂವತ್ತು ಜನ ಬಸ್ಸಿಗೆ ಕಾಯುತ್ತಿದ್ದರು. ಯಂಕಪ್ಪ ಬಂದು ಎರಡು ಮಾರು ದೂರದಲ್ಲಿ ನಿಂತ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಅನುಸೂಯಮ್ಮಾ, ನನ್ನ ಮದಿವಿ ಆಗ್ತೀರೇನ್ರಿ?"

ಪ್ರೆಸ್ಸಿನ ಸದ್ದನ್ನೂ ಮೀರಿಸುವ ಗಂಟಲು. ರಸ್ತೆಯಲ್ಲಿ ಮಲಗಿದ್ದ ನಾಯಿ ಎದ್ದು ಹೋಯಿತು. ಆಗತಾನೆ ಸಿಕ್ಕ ಫೋನಿನಿಂದ ಎಲ್ಲರೂ ತಲೆಯೆತ್ತಿದರು. ಅವಳ ರೂಮಿನಲ್ಲಿದ್ದ ಮುದುಕಿ ಚಿಕ್ಕಮುನಿಯಮ್ಮ, "ಅತ್ತು ದಿನದ ಮಾತು ಒಂದೇ ಸಲ ಬಂದ್ಬುಡ್ತು ಕಣಪ್ಪ ನಿಂಗೆ" ಎಂದು ಸೆರಗು ಬಾಯಿಗಿಟ್ಟಳು.

"ಇಲ್ಲಿ ಮೆಷಿನ್ ಓಡ್ತಿಲ್ಲ," ಎಂದಳು ಅನುಸೂಯಮ್ಮ. "ಮೆಲ್ಲಗೆ ಯೋಳಿ."

"ಮೆಲ್ಲಕ ಅಂದ್ರ ನಾಕ ಮಂದಿಗೆ ಹೆಂಗ ಕೇಳ್ತದ್ರಿ? ನೀವ ಹೇಳಿದ್ದು."

ನಗು ಬಂತು, ತಡೆದುಕೊಂಡಳು.

"ಬಂದಿದ್ದೆಲ್ಲ ಓಯ್ತದೆ ಅಂತ ಒಳಗೆ ಯೋಳ್ಕೊಟ್ರು. ಮಂಡಿನೋವು ಓಯ್ತು. ಬಸಕ್ಕನ ಮೇಲಿನ ಕ್ವಾಪಾನೂ ಓಯ್ತು. ನೀವು ಕೇಳಿದ್ದೂ ಓಯ್ತದಾ ಅಂತ ದಿನಾ ಕೂತು ನೋಡ್ದೆ."

"ಹೋತೇನ್ರಿ?" ಈಗ ಅವನ ಗಂಟಲು ಇಳಿದಿತ್ತು.

"ಓಗ್ತಿತ್ತು. ಬೆಳಗ್ಗೆ ಗಂಟೆ ಒಡೆಯೋ ಒತ್ಗೆ ವಾಪಸ್ ಬಂದು ಕೂತಿರ್ತಿತ್ತು."

"ಅಂದ್ರ?"

ಅನುಸೂಯಮ್ಮ ಬ್ಯಾಗು ಕೆಳಗಿಟ್ಟಳು. ಅಷ್ಟು ಜನರ ಎದುರು ಎರಡೂ ಕೈ ಎತ್ತಿ, ಎರಡು ಹೆಬ್ಬೆರಳನ್ನೂ ಕೆಳಗೆ ಒತ್ತಿ ತೋರಿಸಿದಳು.

ಯಂಕಪ್ಪ ಕೈ ಎತ್ತಲಿಲ್ಲ. ಬಾಯಿ ಬಿಟ್ಟೇ, ಅವಳೊಬ್ಬಳಿಗೆ ಕೇಳುವಷ್ಟು ಮೆಲ್ಲಗೆ ಹೇಳಿದ.

"ತಿಳೀತ್ರಿ."