ಹತ್ತು ದಿನದ ಜೆರ್ಸಿ

ರೆಮಿ ಬಾಗಿಲು ತಳ್ಳಿಕೊಂಡು ಒಳಗೆ ಬಂದಾಗ ಮಾರಿಟ್ ಮಾಡಿದ ಮೊದಲ ಕೆಲಸವೆಂದರೆ, ಹೊಲಿಗೆ ಮಿಷನ್ನಿನ ಮೇಲಿದ್ದ ಜೆರ್ಸಿಯನ್ನು ಎಳೆದುಕೊಂಡು ಅದರ ಮೇಲೆ ಕುಳಿತದ್ದು. ಅದರ ಬೆನ್ನಿನ ಮೇಲೆ ಅವನದೇ ಹೆಸರಿತ್ತು.

ಅಮೆರಿಕದ ಸೂ ಫಾಲ್ಸ್ ಊರಿನಲ್ಲಿ ರೆಮಿ ಆಡುವ ಚಿಕ್ಕ ಬ್ಯಾಸ್ಕೆಟ್‌ಬಾಲ್ ತಂಡಕ್ಕೂ, ಅದನ್ನು ಸಾಕುವ ದೊಡ್ಡ ತಂಡಕ್ಕೂ ಜೆರ್ಸಿಗಳ ಮೇಲೆ ಹೆಸರು ಹೊಲಿದುಕೊಡುವವಳು ಅವಳೇ. ಮಧ್ಯಾಹ್ನ ದೊಡ್ಡ ತಂಡದಿಂದ ಫೋನ್ ಬಂದಿತ್ತು. "ರೆಮಿ ಗಿಲ್ಲರಿ. ಹತ್ತು ದಿನದ ಕಾಂಟ್ರಾಕ್ಟು. ನಾವು ಅವನಿಗೆ ಹೇಳೋವರೆಗೆ ನೀನು ಬಾಯಿ ಬಿಡಬಾರದು."

"ಪೋಲೆಂಡಿನ ಒಂದು ತಂಡದವರು ಕರೀತಿದ್ದಾರೆ," ಎಂದ ರೆಮಿ, ಅಷ್ಟುದ್ದದ ಮೈಯನ್ನು ಪುಟ್ಟ ಸ್ಟೂಲಿನ ಮೇಲೆ ಹೇಗೋ ಮಡಚಿಕೊಂಡು. "ಮೇ ತನಕ ಆಟ, ಇರೋಕೆ ಮನೆ. ಐದು ಗಂಟೆ ಒಳಗೆ ಫೋನಲ್ಲೇ ಸಹಿ ಹಾಕಬೇಕಂತೆ. ನಿನಗೆ ಹೇಳಿ ಹೋಗೋಣ ಅಂತ ಬಂದೆ."

ಗಂಟೆ ಆಗಲೇ ನಾಲ್ಕೂ ಮುಕ್ಕಾಲು. ಅವನನ್ನು ತಡೆಯಲು ಮಾರಿಟ್‌ಗೆ ತಿಳಿದದ್ದು ಒಂದೇ ದಾರಿ, ಪ್ರಶ್ನೆ ಕೇಳುವುದು. ಮೂರು ತಿಂಗಳಿಂದ ಅವರಿಬ್ಬರ ನಡುವೆ ನಡೆದಿದ್ದೂ ಅದೇ, ಆಟದ ಬಗ್ಗೆ ಅವಳು ಕೇಳುವುದು, ಅವನು ಹೇಳುವುದು.

"ಸಹಿ ಹಾಕಿದ ಮೇಲೆ ಇಲ್ಲಿನವರು ಕರೆದರೆ?"

"ಬರೋ ಹಾಗಿಲ್ಲ. ಬಿಟ್ಟುಕೊಟ್ಟಿದ್ದೀವಿ ಅಂತ ಪೋಲೆಂಡಿನವರು ಕಾಗದ ಕೊಡಬೇಕು. ಸೀಸನ್ ಮಧ್ಯೆ ಯಾರು ಕೊಡ್ತಾರೆ?"

"ಈಗ ನಿನ್ನ ಮೇಲೆ ಯಾರಿಗೆ ಹಕ್ಕು?"

"ಯಾರಿಗೂ ಇಲ್ಲ. ದೊಡ್ಡ ತಂಡಗಳು ಹೊಸಬರನ್ನ ಆರಿಸ್ಕೊಳ್ಳೋ ಡ್ರಾಫ್ಟಲ್ಲಿ ನನ್ನ ಹೆಸರು ಯಾರೂ ಕೂಗಲಿಲ್ಲ. ಮೂವತ್ತು ದೊಡ್ಡ ತಂಡಗಳಲ್ಲಿ ಯಾರು ಬೇಕಾದ್ರೂ ಬಂದು ಎತ್ಕೊಂಡು ಹೋಗಬಹುದು. ಬರ್ತಿಲ್ಲ, ಅಷ್ಟೇ."

"ಹತ್ತೇ ದಿನಕ್ಕೆ ಕರೆದರೆ?"

"ಓಡಿ ಹೋಗ್ತೀನಿ. ಎರಡು ಸಲ ಹತ್ತತ್ತು ದಿನ ನೋಡ್ತಾರೆ. ಆಮೇಲೆ ಸೀಸನ್ ಪೂರ್ತಿ ಇಟ್ಕೋಬೇಕು, ಇಲ್ಲ ಕೈಬಿಡಬೇಕು." ಅವನು ಅವಳನ್ನೇ ದಿಟ್ಟಿಸಿದ. "ಇವತ್ತೇನು, ಕಿವಿ ಕೆಂಪಾಗಿದೆ?"

"ಹೀಟರ್ ಜಾಸ್ತಿಯಾಗಿದೆ."

"ಎದ್ದು ಕಡಿಮೆ ಮಾಡು."

"ಏಳಲ್ಲ."

ಅವನು ನಕ್ಕ. ಅವಳಿಗೆ ನಗು ಬರಲಿಲ್ಲ. ಬಾಯಿ ಬಿಟ್ಟರೆ ಅವಳ ಕೆಲಸ ಹೋಗುತ್ತದೆ, ಬಿಡದಿದ್ದರೆ ಅವನೇ ಹೋಗುತ್ತಾನೆ. ಅವನನ್ನು ತಡೆದ ಮೇಲೆ, ಹನ್ನೊಂದನೆಯ ದಿನ ಅವನು ಬರಿಗೈಲಿ ವಾಪಸ್ ಬಂದರೆ? ಆಗ ಪೋಲೆಂಡೂ ಇರುವುದಿಲ್ಲ.

ಐದಕ್ಕೆ ಎರಡು ನಿಮಿಷ. ರೆಮಿ ಫೋನ್ ತೆಗೆದು ಸಹಿಯ ಜಾಗಕ್ಕೆ ಬೆರಳು ಒಯ್ದ.

ಮಾರಿಟ್ ಎದ್ದು ನಿಂತಳು.

ಕುರ್ಚಿಯ ಮೇಲೆ ಮುದುಡಿ ಬಿದ್ದಿದ್ದ ತನ್ನ ಹೆಸರನ್ನು ಅವನು ಎರಡೆರಡು ಸಲ ಓದಿದ.

"ಹತ್ತೇ ದಿನ," ಎಂದಳು ಅವಳು. "ಆಮೇಲೆ ಕೈಲಿ ಏನೂ ಇಲ್ಲದೆ ಹೋಗಬಹುದು. ಚೆನ್ನಾಗಿ ಯೋಚನೆ ಮಾಡು."

"ಒಂದು ನಾನೂ ಕೇಳ್ತೀನಿ. ನನ್ನ ಆಟಕ್ಕೋಸ್ಕರ ಎದ್ದೆಯಾ, ನಿನಗೋಸ್ಕರ ಎದ್ದೆಯಾ?"

ಸುಳ್ಳು ಹೇಳುವುದು ಸುಲಭವಿತ್ತು.

"ನನಗೋಸ್ಕರ," ಎಂದಳು. "ನೀನು ಅಷ್ಟು ದೂರ ಹೋಗೋದು ನನಗೆ ಬೇಡ ರೆಮಿ."

ಅವನು ಪೋಲೆಂಡಿನವರಿಗೆ 'ಆಗುವುದಿಲ್ಲ, ಕ್ಷಮಿಸಿ' ಎಂದು ಬರೆದು ಕಳಿಸಿದ. ಫೋನ್ ಕೆಳಗಿಡುವಷ್ಟರಲ್ಲಿ ಅದು ರಿಂಗಾಯಿತು. ದೊಡ್ಡ ತಂಡದ ನಂಬರ್.

"ಎತ್ತೋ, ಕಟ್ಟಾಗುತ್ತೆ!"

"ಎತ್ತುತ್ತೀನಿ," ಎಂದವನು, ಮೊದಲು ಅವಳ ಕಡೆಗೆ ಬಗ್ಗಿದ.