ಎಡಗೆನ್ನೆಗೆ ಹಳದಿ ಡಬ್ಬಿ

"ಏನ್ರಿ, ಇದು ಪೌಡರ್ರೋ, ಗೋಡೆಗೆ ಬಳಿಯೋ ಸುಣ್ಣಾನೋ?"

ಮಂಗಳಾ ಗುಲಾಬಿ ಡಬ್ಬಿಯನ್ನು ಕೌಂಟರಿನ ಗಾಜಿನ ಮೇಲೆ ಕುಕ್ಕಿದಳು. ಬಳೆ ನೋಡುತ್ತಿದ್ದ ಇಬ್ಬರು ಹೆಂಗಸರು ತಿರುಗಿ ಅವಳ ಮುಖ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡರು. ನಗುವಂತೆಯೇ ಇತ್ತು. ಹಣೆಯ ತುಂಬ ಬಿಳಿ ತೇಪೆ, ನಡುನಡುವೆ ಬೆವರು ಇಳಿದ ಗೆರೆ, ಮೂಗಿನ ಮೇಲೆ ಮಾತ್ರ ಎಣ್ಣೆ ಮಿರಮಿರ!

ರಾಯದುರ್ಗದ ಆ ಫ್ಯಾನ್ಸಿ ಸ್ಟೋರಿನ ಹುಡುಗ ಓಬುಲೇಶ್ ನಗಲಿಲ್ಲ.

"ಬೆವರು ಆರೋಕೆ ಮುಂಚೇನೇ ಹಚ್ಚಿದ್ರಾ?"

"ಇಸ್ತ್ರಿ ಸೆಕ್ಷನ್‌ನಾಗ ಬೆವರು ಯಾವಾಗ ಆರ್ತೈತ್ರಿ? ಎಂದಾರ ಜೀನ್ಸ್ ಪ್ಯಾಂಟು ಇಸ್ತ್ರಿ ಮಾಡೀರೇನು?"

"ಇಲ್ಲ ಕಣ್ರಿ." ಅವನು ಹಳದಿ ಡಬ್ಬಿಯೊಂದನ್ನು ಇಳಿಸಿದ. "ಇದೂ ಅಗ್ಗದ್ದೇ. ಎರಡ್ರಲ್ಲಿ ಯಾವ್ದು ಎಣ್ಣೆ ತಡೀತೈತೆ ಅಂತ ನಂಗೂ ಗೊತ್ತಿಲ್ಲ. ನಾನು ಮಾರ್ತೀನಿ ಅಷ್ಟೇ, ಹಚ್ಕೊಳಲ್ಲ."

ಗೊತ್ತಿಲ್ಲ ಎಂದು ಒಪ್ಪಿಕೊಂಡ ಅಂಗಡಿಯವನನ್ನು ಮಂಗಳಾ ಅದೇ ಮೊದಲು ನೋಡಿದ್ದು.

"ಹಂಗಾದ್ರ ನಾನೇ ನೋಡಿ ಹೇಳ್ತೀನಿ. ಎಡಕ್ಕೊಂದು, ಬಲಕ್ಕೊಂದು ಹಚ್ಕಂತೀನಿ. ಯಾವುದು ನಿಲ್ತದೋ ನೋಡೋಣು!"

ಹಾಗೆ ಶುರುವಾಯಿತು.

ಅವಳು ಗುಮ್ಮಘಟ್ಟದಿಂದ ಶೇರ್ ಆಟೋದಲ್ಲಿ ಬಂದು ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ದುಡಿಯುತ್ತಿದ್ದಳು. ಅವನು ಮಡಕಶಿರಾ ಕಡೆಯವನು, ಸೋದರಮಾವನ ಅಂಗಡಿ ನೋಡಿಕೊಳ್ಳಲು ಬಂದವನು. ಊಟದ ಬಿಡುವಿನಲ್ಲಿ ಅವಳು ಅಂಗಡಿಗೆ ಬಂದು ಮುಖ ಒಡ್ಡುತ್ತಿದ್ದಳು. ಅವನು ಎರಡು ಕೆನ್ನೆಗೂ ಒಂದೊಂದು ಟಿಶ್ಯೂ ಕೊಡುತ್ತಿದ್ದ. ಯಾವ ಟಿಶ್ಯೂ ಹೆಚ್ಚು ನೆನೆಯಿತೋ ಆ ಕೆನ್ನೆಯ ಪೌಡರ್ ಸೋತಂತೆ.

ಗುಲಾಬಿ ಡಬ್ಬಿಗೆ ವಾಸನೆಯೇ ಹೆಚ್ಚು. ಮಧ್ಯಾಹ್ನಕ್ಕೆ ಹಿಟ್ಟಿನ ಹಾಗೆ ಉಂಡೆಗಟ್ಟುತ್ತಿತ್ತು. ಹಳದಿ ಡಬ್ಬಿ ಮೊದಲು ಬೂದಿ ಬಳಿದಂತೆ ಕಂಡರೂ, ಮುಖ ಒರೆಸಿ ತೆಳ್ಳಗೆ ಹಚ್ಚಿದರೆ ಊಟದವರೆಗೂ ನಿಲ್ಲುತ್ತಿತ್ತು. ಪೌಡರ್ ಕಂಪನಿಯವರು ಅಂಗಡಿಗೆ ಹೊಸದಾಗಿ ತಂದ ಬಿಳಿ ಕಾಂಪ್ಯಾಕ್ಟ್ ಬೆಣ್ಣೆಯ ಹಾಗೆ ಕೂರುತ್ತಿತ್ತು, ನಿಜ. ಆದರೆ ಎಣ್ಣೆ ಇಳಿಯಿತೋ, ಕಪ್ಪು ಕಪ್ಪು ತೇಪೆ. ಮೇಲೆ ತುರಿಕೆ!

ಯೂನಿಟ್ಟಿನ ಹುಡುಗಿಯರು ನಕ್ಕಿದ್ದೇ ನಕ್ಕಿದ್ದು. "ಮಂಗಳಾ, ಪೌಡರ್ ಯಾಕ ದಂಡ ಮಾಡ್ತೀಯೇ? ನಿನ್ನ ಮುಖದ ಎಣ್ಣೆಯಾಗ ಮೆಣಸಿನಕಾಯಿ ಬಜ್ಜಿ ಕರದು ಮಾರು!" ಎಂದು ಗೆಳತಿ ಸುನೀತಾ ಕಾಡುತ್ತಿದ್ದಳು. ನಕ್ಕವರೇ ಆಮೇಲೆ ಮೆಲ್ಲಗೆ ಬಂದು ಕೇಳುತ್ತಿದ್ದರು, "ಯಾವುದು ತಗಳ್ಳೇ ಅಕ್ಕಾ?" ಅವಳು ಹೇಳಿದ್ದನ್ನೇ ಕೊಳ್ಳುತ್ತಿದ್ದರು. ಇಸ್ತ್ರಿ ಸೆಕ್ಷನ್ನಿನಲ್ಲಿ ಅವಳ ಮಾತಿಗೆ ಬೆಲೆ ಬಂದದ್ದು ಹೀಗೆ.

ಒಂದು ಮಧ್ಯಾಹ್ನ ಓಬುಲೇಶ್ ಫೋನು ಎತ್ತಿದ.

"ಒಂದು ಫೋಟೋ ತಗೊಳ್ಳಾ? ಎರಡು ಕೆನ್ನೆಗೂ ಎಷ್ಟು ವ್ಯತ್ಯಾಸ ಐತೆ ನೋಡಿ!"

ಎಡಕ್ಕೆ ಹಳದಿ ಡಬ್ಬಿ, ಬಲಕ್ಕೆ ಬಿಳಿ ಕಾಂಪ್ಯಾಕ್ಟ್. ಮಂಗಳಾ ಬೆವರುತ್ತ, ತೇಪೆಗಟ್ಟಿದ ಮುಖವನ್ನು ಬೆಳಕಿಗೆ ತಿರುಗಿಸಿದಳು. ಅಂಥ ಮುಖವನ್ನು ಅವಳು ಕನ್ನಡಿಗೂ ಪೂರ್ತಿ ತೋರಿಸುತ್ತಿರಲಿಲ್ಲ...

"ಯಾರಿಗೂ ತೋರಿಸ್ಬ್ಯಾಡ್ರಿ ಮತ್ತೆ."

"ನಾನೊಬ್ಬನೇ ನೋಡ್ಕೊಳೋಕೆ," ಎಂದ ಅವನು. ಹೇಳಿ ಮುಗಿಸುವಷ್ಟರಲ್ಲಿ ಅವನ ಕಿವಿ ಕೆಂಪಾಯಿತು. ಅವಳಿಗೂ ಆಮೇಲೆ ಊಟ ಸೇರಲಿಲ್ಲ.

ಅಕ್ಕನ ಬಾಣಂತನಕ್ಕೆಂದು ಮಂಗಳಾ ಕೆಲವು ವಾರ ಊರಲ್ಲೇ ಉಳಿದಳು. ತಿರುಗಿ ಯೂನಿಟ್ಟಿಗೆ ಬಂದ ಬೆಳಿಗ್ಗೆ ಯಾರೂ ಮಾತಾಡಿಸಲಿಲ್ಲ. ಸುನೀತಾ ತನ್ನ ಮುಖದ ಮೇಲಿನ ದುಪಟ್ಟಾ ಸರಿಸಿದಳು. ಕೆನ್ನೆ, ಗದ್ದದ ತುಂಬ ಕೆಂಪು ಗುಳ್ಳೆ!

"ಅಯ್ಯೋ! ಏನಾತೇ ಇದು?"

"ನೀನು ಹೇಳಿದ ಪೌಡರ್ ಆತು! ಗಂಡಿನ ಕಡೆಯೋರು ಹೆಣ್ಣು ನೋಡಾಕ ಬರ್ತಾರಂತ ಬಿಳಿ ಕಾಂಪ್ಯಾಕ್ಟ್ ಹಚ್ಕಂಡೆ. ಗುಳ್ಳೆ ನೋಡಿ, ಅಂಟುರೋಗ ಐತೇನು ಹುಡುಗಿಗೆ ಅಂತ ಕೇಳಿ ಎದ್ದು ಹೋದ್ರು."

"ನಾನ್ಯಾವಾಗ ಹೇಳ್ದೆ? ಅದನ್ನ ಹಚ್ಚಬ್ಯಾಡ್ರಿ ಅಂತ..."

"ಸಾಕು ಬಿಡೇ! ಕಣ್ಣಿಗೆ ಕರೀ ಪಟ್ಟಿ ಹಾಕಿಬಿಟ್ರ ಗುರುತು ಸಿಗಲ್ಲ ಅನ್ಕಂಡೇನು? ಅರ್ಧ ಮುಖಕ್ಕೊಂದು, ಅರ್ಧಕ್ಕೊಂದು ಬಳ್ಕಂಡು ತಿರುಗಾಕಿ ಈ ಊರಾಗ ನೀನೊಬ್ಬಾಕೀನೇ! ಎಷ್ಟು ಕೊಟ್ಟ ಅವನು?"

ಮಂಗಳಾಗೆ ಒಂದೂ ಅರ್ಥವಾಗಲಿಲ್ಲ. ಬಿಡುವಿನ ಗಂಟೆ ಹೊಡೆದದ್ದೇ ಅಂಗಡಿಗೆ ಓಡಿದಳು.

ಬಾಗಿಲ ಮೇಲೆ ಆಳೆತ್ತರದ ಫ್ಲೆಕ್ಸ್. ಅದರಲ್ಲಿ ಅವಳ ಮುಖ. ಕಣ್ಣಿಗೆ ಕರಿ ಪಟ್ಟಿ. ತೇಪೆಗಟ್ಟಿದ ಬಲಗೆನ್ನೆಯ ಕೆಳಗೆ 'ಮಾಮೂಲಿ ಪೌಡರ್'. ನಯವಾದ ಎಡಗೆನ್ನೆಯ ಕೆಳಗೆ 'ನಮ್ಮ ಕಾಂಪ್ಯಾಕ್ಟ್'.

ತಿರುವುಮುರುವು! ಹಳದಿ ಡಬ್ಬಿ ಗೆದ್ದ ಕೆನ್ನೆಗೆ ಕಾಂಪ್ಯಾಕ್ಟಿನ ಹೆಸರು ಕಟ್ಟಿದ್ದ.

ಅವಳಿಗೆ ಅಳು ಬರಲಿಲ್ಲ. ಅವನು ಇಷ್ಟು ದಿನ ನನ್ನ ಮುಖ ನೋಡಿದ್ದು ಇದಕ್ಕಾ?

ಒಳಗೆ ಓಬುಲೇಶ್ ಎದ್ದು ನಿಂತ. ಅವನ ಹಿಂದೆ ದೀಪ ಹಾಕಿದ ಹೊಸ ಗಾಜಿನ ಶೋಕೇಸು.

"ಮಂಗಳಾ... ಯಾವಾಗ ಬಂದ್ರಿ?"

"ಅದು ಯಾರು ಕೊಟ್ಟಿದ್ದು?" ಶೋಕೇಸಿನ ಕಡೆ ಬೆರಳು ತೋರಿಸಿದಳು.

"ಕಂಪನಿಯೋರು. ಕಾಂಪ್ಯಾಕ್ಟ್ ಚೆನ್ನಾಗಿ ಓಡ್ಸಿದ್ರೆ ಕೊಡ್ತೀವಿ ಅಂದಿದ್ರು. ಮಾವ ಯಾವಾಗ್ಲೂ, ನಿನ್ನ ಕೈಲಿ ಏನಾಗುತ್ತೋ ಅಂತ ಚುಚ್ಚೋರು... ಕಣ್ಣು ಮುಚ್ಚಿಸಿದ್ದೆ ಕಣ್ರಿ. ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡೆ."

"ಊರಿಗೆಲ್ಲ ಗೊತ್ತಾತು. ಗೊತ್ತಾಗದ್ದು ನನಗೊಬ್ಬಾಕಿಗೇ."

"ತಪ್ಪಾಯ್ತು..."

"ಮುಖ ಹಾಕಿದ್ದು ಒಂದು ಕಡೆ ಇರ್ಲಿ. ಸುಳ್ಳು ಯಾಕ ಹಾಕಿದ್ರಿ? ಸುನೀತಾ ನಿಮ್ಮ ಮಾತು ಕೇಳಿ ತಗಳ್ಳಿಲ್ರಿ, ನನ್ನ ಮುಖ ನೋಡಿ ತಗಂಡ್ಳು! ಆಕಿ ಮುಂದ ನಾನೀಗ ಹೆಂಗ ನಿಲ್ಲಲಿ?"

ಅವಳು ಇಳಿದು ಹೋದಳು.

ಫ್ಲೆಕ್ಸ್ ಅಂದೇ ಇಳಿಯಿತು. ಆದರೇನು? ಫೋನಿನಲ್ಲಿ ಅವನ ಹೆಸರು ಹೊಳೆದಾಗಲೆಲ್ಲ ಮಂಗಳಾ ಅದನ್ನು ಬೋರಲು ಹಾಕಿದಳು. ಊಟಕ್ಕೆ ಒಬ್ಬಳೇ ಕೂತಳು. ಯಾವ ಹುಡುಗಿಯೂ ಅವಳನ್ನು ಏನೂ ಕೇಳಲಿಲ್ಲ. ಸಿಟ್ಟಿಗಿಂತ ಹೆಚ್ಚು ಸುಟ್ಟದ್ದು ಇನ್ನೊಂದು. ಮಧ್ಯಾಹ್ನವಾದರೆ ಕಾಲು ತಾನಾಗಿ ಅಂಗಡಿಯ ಕಡೆ ತಿರುಗುತ್ತಿತ್ತು. ಥೂ! ನಾಚಿಕೆ ಇಲ್ಲ ಇದಕ್ಕೆ!

ಒಂದು ಸಂಜೆ ಶಿಫ್ಟು ಬಿಟ್ಟಾಗ ಗೇಟಿನ ಎದುರು ಓಬುಲೇಶ್ ನಿಂತಿದ್ದ.

"ಅಕ್ಕಂದಿರಾ, ಒಂದ್ನಿಮಿಷ ಕೇಳಿ!" ಹೊರಬರುತ್ತಿದ್ದ ಹುಡುಗಿಯರನ್ನೆಲ್ಲ ತಡೆದು ನಿಲ್ಲಿಸಿದ. "ಫ್ಲೆಕ್ಸ್‌ನಲ್ಲಿ ಚೆನ್ನಾಗಿದ್ದ ಕೆನ್ನೆ ಹಳದಿ ಡಬ್ಬೀದು. ಕಾಂಪ್ಯಾಕ್ಟ್ ಹಚ್ಚಿದ್ದ ಕೆನ್ನೆ ಕೆಟ್ಟಿತ್ತು. ನಾನೇ ಹೆಸರು ತಿರುಗಿಸಿ ಹಾಕ್ಸಿದ್ದು. ಮಂಗಳಾ ಅವರಿಗೆ ಏನೂ ಗೊತ್ತಿರ್ಲಿಲ್ಲ. ತಗೊಂಡಿರೋರೆಲ್ಲ ವಾಪಸ್ ತನ್ನಿ."

"ವಾಪಸ್ ತಂದ್ರ ನನ್ನ ಮುಖಾನೂ ವಾಪಸ್ ಕೊಡ್ತೀಯೇನೋ?" ಸುನೀತಾ ಮುಂದೆ ಬಂದಳು.

"ನಿಮ್ಮ ಮನೆಗೂ ಬರ್ತೀನಿ ಅಕ್ಕಾ. ಗಂಡಿನ ಕಡೆಯೋರ ಹತ್ರಾನೂ ಹೋಗಿ ಹೇಳ್ತೀನಿ."

"ಶೋಕೇಸ್ ಹೊತ್ಕಂಡು ಹೋಗಪ್ಪ, ದೀಪ ಹಾಕ್ಕಂಡು!" ವಾಚ್‌ಮನ್ ಗಂಗಣ್ಣ ಗೇಟಿನಿಂದಲೇ ಕೂಗಿದ. ಹುಡುಗಿಯರು ಹೋ ಎಂದರು.

"ಶೋಕೇಸ್ ವಾಪಸ್ ಕಳ್ಸಿದೆ ಅಣ್ಣಾ. ಮಾವ ಮನೆಗೆ ಸೇರಿಸ್ತಿಲ್ಲ."

ನಗು ನಿಂತಿತು. ಸುನೀತಾ ಮಂಗಳಾಳ ಹತ್ತಿರ ಬಂದು, ಮುಖ ನೋಡದೆ ಅವಳ ಬುತ್ತಿಚೀಲವನ್ನು ತನ್ನ ಕೈಗೆ ತೆಗೆದುಕೊಂಡಳು.

"ನಿನ್ನ ಮ್ಯಾಲ ಅನುಮಾನ ಪಟ್ಟೆ ಕಣೇ."

"ಹೌದು, ಪಟ್ಟಿ. ನನಗ ನೋವಾತು."

"ಹ್ಞೂಂ. ನಾನು ಆಟೋ ಹತ್ರ ಇರ್ತೀನಿ."

ಗೇಟು ಖಾಲಿಯಾಯಿತು. ಓಬುಲೇಶ್ ದೂರದಲ್ಲೇ ನಿಂತಿದ್ದ.

"ಇವತ್ತೂ ನನ್ನ ಕೇಳದಂಗ ನನ್ನ ಹೆಸರು ಬೀದಿಗೆ ತಂದ್ರಲ್ರಿ," ಎಂದಳು ಮಂಗಳಾ.

ಅವನ ಮುಖ ಬಿಳಿಚಿತು. "ಅದನ್ನ... ಯೋಚ್ನೇನೇ ಮಾಡ್ಲಿಲ್ಲ."

"ಮಾಡ್ರಿ ಇನ್ನ ಮುಂದ."

"ಸಿಟ್ಟು ಹೋಗಿಲ್ವಾ?"

"ಇಲ್ಲ. ಬೇಗ ಹೋಗಂಗೂ ಇಲ್ಲ."

"ಹಂಗಾದ್ರೆ ನೀವು ಹೋಗ್ದೇ ನಿಂತ್ಕೊಂಡಿದ್ದು..."

ಅವಳು ಅಂಗೈಯಿಂದ ಹಣೆ ಒರೆಸಿಕೊಂಡಳು. "ಸಿಟ್ಟು ಬಂದಾಗ ಉಳಿದದ್ದೆಲ್ಲ ಹೋಗ್ತದಂತ ಕಾದೆ. ಹೋಗವಲ್ದು. ಏನು ಮಾಡ್ಲಿ?" ಈಗ ಅವಳ ಕಣ್ಣು ತುಂಬಿತು, ತನ್ನ ಮೇಲಿನ ಕೋಪಕ್ಕೇ.

ಅವನು ಒಂದು ಹೆಜ್ಜೆ ಮುಂದಿಟ್ಟು, ಅಲ್ಲಿಯೇ ನಿಂತ.

"ಮಂಗಳಾ, ಒಂದು ಮಾತು ಹೇಳ್ಬೇಕು. ಹೇಳ್ಲಾ?"

ಈ ಸಲ ಅವನು ಮೊದಲು ಅವಳ ಒಪ್ಪಿಗೆ ಕೇಳಿದ. ಕೇಳಿ, ಕಾದ.

"ಹೇಳ್ರಿ. ಮೆಲ್ಲಕ ಹೇಳ್ರಿ, ಗಂಗಣ್ಣಗ ಕಿವಿ ಚುರುಕು."

"ನಂಗೆ ನೀವು ಬೇಕು."

ಗುಮ್ಮಘಟ್ಟದ ಆಟೋ ಹಾರ್ನ್ ಹೊಡೆಯಿತು.

"ಆಟೋ ಹೋಗ್ಬಿಡುತ್ತೆ ಕಣ್ರಿ..."

"ಹೋಗ್ಲಿ, ಇನ್ನೊಂದು ಬರ್ತದ," ಎಂದಳು ಮಂಗಳಾ, ಮೂಗು ಒರೆಸಿಕೊಳ್ಳುತ್ತ. "ನೀವು ಇನ್ನೊಮ್ಮೆ ಹೇಳ್ರಿ."